ಜ್ವರ ಇಳಿದ ಮೇಲಿನ ಎರಡು ದಿನ: ಡೆಂಗಿ ವಾರ್ಡಿನಲ್ಲಿ ನನ್ನ ಅನುಭವ

"ಪ್ಲೇಟ್‌ಲೆಟ್ ಬಿಟ್ಟು ಪಾದ ಮುಟ್ಟಿ ನೋಡ್ತಾ ಕೂತ್ರೆ ಆಗತ್ತಾ?" ಎಂದು ನಕ್ಕವರೇ ಈಗ ನನ್ನ ಚಾರ್ಟಿನ ಪ್ರತಿ ಕೇಳುತ್ತಿದ್ದಾರೆ. ಕೊಟ್ಟಿದ್ದೇನೆ.

ಶುರುವಾಗಿದ್ದು ನನ್ನದೇ ತಪ್ಪಿನಿಂದ. ಒಬ್ಬ ಹುಡುಗ, ಐದನೇ ದಿನ, ಜ್ವರ ಇಳಿದಿತ್ತು. ಪ್ಲೇಟ್‌ಲೆಟ್ 80 ಸಾವಿರದ ಆಸುಪಾಸು. ಮನೆಯವರು ಖುಷಿ, ನಾನೂ ಖುಷಿ. ಹೊಟ್ಟೆನೋವು ಅಂದ, ಮೂರು ಸಲ ವಾಂತಿ ಮಾಡಿದ. ಗ್ಯಾಸ್ಟ್ರಿಕ್ ಇರಬೇಕು ಅಂದುಕೊಂಡೆ. ಬಿಪಿ ನೋಡಿ ಮೇಲಿನ 100 ಮಾತ್ರ ಗಮನಿಸಿದೆ. ಕೆಳಗಿನದು 80 ಇತ್ತು. ಅಂತರ ಬರೀ 20! ಡೆಂಗಿಯಲ್ಲಿ ಅದು ಶಾಕ್‌ನ, ಅಂದರೆ ರಕ್ತಸಂಚಾರ ಕುಸಿಯುವುದರ, ಸೂಚನೆ. ಅದು ತಲೆಗೆ ಹೊಳೆದಿದ್ದು ರಾತ್ರಿ ಎರಡಕ್ಕೆ, ಅವನ ಪಾದ ತಣ್ಣಗಾದ ಮೇಲೆ. ಹುಡುಗ ಉಳಿದ. ನನಗೆ ಒಂದು ವಾರ ನಿದ್ದೆ ಇಲ್ಲ.

ಆಮೇಲೆ ಚಾರ್ಟ್ ಮಾಡಿದೆ. ಜ್ವರ ಇಳಿದ ಗಳಿಗೆಯಿಂದ 48 ಗಂಟೆ: ಪಲ್ಸ್ ಪ್ರೆಶರ್ (ಬಿಪಿಯ ಮೇಲಿನ-ಕೆಳಗಿನ ಅಂಕಿಗಳ ಅಂತರ), ಪಾದದ ಬಿಸಿ, ಮೂತ್ರ, ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು; ರಕ್ತನಾಳದಿಂದ ನೀರಿನಂಶ ಸೋರಿದರೆ ಏರುತ್ತದೆ). ಮೊದಲ ತಿಂಗಳು ಪೂರಾ ಫೇಲು. ಸೇರಿದ ದಿನದ ಹೆಮಟೋಕ್ರಿಟ್ಟೇ ಇಲ್ಲದಿದ್ದರೆ ಇವತ್ತಿನ 46 ಏರಿದ್ದೋ, ಮೊದಲಿಂದಲೂ ಇದ್ದದ್ದೋ ಯಾರಿಗೆ ಗೊತ್ತು? ಮೇಲಾಗಿ ಡ್ರಿಪ್ ಓಡುತ್ತಿದ್ದ ಕೈಯಿಂದಲೇ ರಕ್ತ ತೆಗೆದು ನಾಲ್ಕೈದು ರಿಪೋರ್ಟ್ ಹಾಳು. ಒಬ್ಬರಿಗಂತೂ ಅಂಕಿ ಇಳಿಯಿತು ಎಂದು ನೆಮ್ಮದಿಯಾಗಿದ್ದೆವು. ನಾಡಿ ಓಡುತ್ತಲೇ ಇತ್ತು. ಮಲ ಕಪ್ಪಗಾದಾಗ ಗೊತ್ತಾಯಿತು, ಒಳಗೆ ರಕ್ತ ಹೋಗುತ್ತಿತ್ತು.

ದುಡ್ಡಿನ ವಿಷಯ. ಹೆಮಟೋಕ್ರಿಟ್ ನೋಡಲು ರಕ್ತವನ್ನು ಗಿರಗಿರ ತಿರುಗಿಸುವ ಪುಟ್ಟ ಯಂತ್ರ, ಸೆಂಟ್ರಿಫ್ಯೂಜಿಗೆ ಮಂಜೂರಾತಿ ಸಿಗಲಿಲ್ಲ. ಸೆಕೆಂಡ್ ಹ್ಯಾಂಡ್ ಒಂದನ್ನು ಕೈಯಿಂದ ಹಾಕಿ ತಂದೆ, ಅರ್ಧ ತಿಂಗಳ ಸಂಬಳ ಹೋಯಿತು. ಅದಕ್ಕೆ ರಕ್ತ ತುಂಬುವ ಸಣ್ಣ ಗಾಜಿನ ಕ್ಯಾಪಿಲರಿ ನಳಿಗೆಗಳು ಒಡೆದಿದ್ದಕ್ಕೆ ಲೆಕ್ಕವಿಲ್ಲ. ಆದರೆ ದಿನಕ್ಕೆ ಮೂರು ಸಲ ಪ್ಲೇಟ್‌ಲೆಟ್ ಎಣಿಸುವುದು, ರಕ್ತ ಸೋರದವರಿಗೂ ಸುಮ್ನೆ ಪ್ಲೇಟ್‌ಲೆಟ್ ಏರಿಸುವುದು ನಿಂತಿತಲ್ಲ, ರೋಗಿಗಳಿಗೆ ಉಳಿದದ್ದು ಅದರ ಎಷ್ಟೋ ಪಟ್ಟು.

ನಡುವೆ ಟೂರ್ನಿಕೆ ಟೆಸ್ಟಿನ ಹುಚ್ಚೂ ಹಿಡಿದಿತ್ತು. ಬಿಪಿ ಪಟ್ಟಿಯನ್ನು ತೋಳಿಗೆ ಐದು ನಿಮಿಷ ಬಿಗಿದು ಚರ್ಮದ ಮೇಲೆ ಮೂಡುವ ಕೆಂಪು ಚುಕ್ಕೆ ಎಣಿಸಿದ್ದೇ ಎಣಿಸಿದ್ದು, ಐವತ್ತು ಜನಕ್ಕಾದರೂ ಮಾಡಿರಬೇಕು. ಚುಕ್ಕೆ ತುಂಬಿದವರು ನಡೆದು ಮನೆಗೆ ಹೋದರು, ಚುಕ್ಕೆಯೇ ಇಲ್ಲದ ಇಬ್ಬರು ಶಾಕ್‌ಗೆ ಹೋದರು. ಬಿಟ್ಟೆ.

ಕಳೆದ ಸೀಸನ್ನಿನಲ್ಲಿ ಸುಮಾರು 120 ಜನ. ಹದಿನೆಂಟು ಜನರನ್ನೋ ಏನೋ ಚಾರ್ಟ್ ಮೊದಲೇ ಎತ್ತಿ ತೋರಿಸಿತು. ನಾಲ್ಕೈದು ಸುಳ್ಳು ಅಲಾರಂ, ಇರಲಿ. ಶಾಕ್‌ಗೆ ಹೋದದ್ದು ಒಬ್ಬರೇ, ಬಂದಾಗಲೇ ಅವರ ಪಾದ ತಣ್ಣಗಿತ್ತು.

ರಾತ್ರಿ ಪಾಳಿಯವರು ಚಾರ್ಟ್ ತಪ್ಪದೆ ತುಂಬುವಂತೆ ಹೇಗೆ ಮಾಡಿದೆ ಅನ್ನುವುದು ನನ್ನ ಗುಟ್ಟು, ಹೇಳಲ್ಲ. ಇನ್ನೊಂದನ್ನು ಹೇಳುತ್ತೇನೆ. ಚಾರ್ಟಿನ ಕೊನೆಯ ಕಾಲಂ ಮನೆಯವರದು. "ನಿನ್ನೆ ಜ್ವರದಲ್ಲೂ ಮಾತಾಡ್ತಿದ್ದ, ಇವತ್ತು ಗೋಡೆ ಕಡೆ ತಿರುಗಿ ಮಲಗಿದಾನೆ" ಎಂದು ಒಬ್ಬ ತಾಯಿ ಹೇಳಿದಾಗ ಪಲ್ಸ್ ಪ್ರೆಶರ್ ಇನ್ನೂ 35 ಇತ್ತು. ಎರಡು ಗಂಟೆಯಲ್ಲಿ 25ಕ್ಕೆ ಬಂತು. ಅಷ್ಟರಲ್ಲಿ ಡ್ರಿಪ್ ಶುರುವಾಗಿತ್ತು.