ಮರಿ ಆಮೇಲೆ, ಮೊದಲು ಕಾವಿಗೆ ಕೂತ ಹ್ಯಾಟೆ

ಮೊದಲ ಸಲ ನಾನು ಸಂತೆಯಿಂದ 25 ಕೋಳಿಮರಿ ತಂದೆ. ಹತ್ತು ದಿನ ಕಳೆಯುವಷ್ಟರಲ್ಲಿ ಉಳಿದಿದ್ದು ನಾಲ್ಕೇ.

ಆಷಾಢದ ಗಾಳಿ, ಜೊತೆಗೆ ಬಿಡದ ಸೋನೆ ಮಳೆ. ರಟ್ಟಿನ ಪೆಟ್ಟಿಗೆಯಲ್ಲಿ ಬಲ್ಬ್ ಇಳಿಬಿಟ್ಟು ಮರಿಗಳನ್ನು ಬೆಚ್ಚಗಿಟ್ಟಿದ್ದೆ. ಮೂರನೇ ರಾತ್ರಿ ಕರೆಂಟ್ ಹೋಯಿತು, ನನಗೆ ಎಚ್ಚರ ಆಗಲಿಲ್ಲ. ಬೆಳಗ್ಗೆ ನೋಡಿದರೆ ಚಳಿಗೆ ಎಲ್ಲವೂ ಒಂದೇ ಮೂಲೆಗೆ ಸೇರಿ ಒಂದರ ಮೇಲೊಂದು ಬಿದ್ದಿದ್ದವು. ಅಡಿಗೆ ಸಿಕ್ಕಿದ ಹನ್ನೊಂದು ಮರಿ ಉಸಿರುಗಟ್ಟಿ ಸತ್ತಿದ್ದವು. ಉಳಿದವಕ್ಕೆ ಭೇದಿ ಹಿಡಿಯಿತು. ದಿನಾ ಒಂದೋ ಎರಡೋ ಹೋಗುತ್ತಿದ್ದವು. ಆ ವಾರ ನಾನು ಸರಿಯಾಗಿ ಊಟ ಮಾಡಿದ ನೆನಪಿಲ್ಲ.

ನಮ್ಮದು ತಿಪಟೂರು ಕಡೆ ಹಳ್ಳಿ. ಮನೆ ಹಿಂದೆ ಅರ್ಧ ಎಕರೆ ತೆಂಗು. ನಮ್ಮತ್ತೆ ಒಂದು ಕಾಲದಲ್ಲಿ ಇಪ್ಪತ್ತು ಮೂವತ್ತು ನಾಟಿ ಕೋಳಿ ಸಾಕಿದವರು. ಸತ್ತ ಮರಿಗಳನ್ನು ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚುವಾಗ ಅವರು ಒಂದೇ ಮಾತು ಹೇಳಿದರು: “ತಾಯಿ ಇಲ್ದೆ ಪಿಳ್ಳೆ ಸಾಕೋದು ಕಷ್ಟ ಕಣಮ್ಮ. ಮೊದ್ಲು ಒಂದು ಕಾವಿನ ಹ್ಯಾಟೆ ತರೋಣ.” ಹ್ಯಾಟೆ ಅಂದರೆ ಹೆಣ್ಣು ಕೋಳಿ.

ಹಿತ್ತಲಲ್ಲಿ ಕೋಳಿ ಸಾಕಬೇಕು ಅಂತ ಯಾರೇ ಕೇಳಿದರೂ ಈಗ ನಾನು ಇದನ್ನೇ ಹೇಳುತ್ತೇನೆ. ಮರಿಗೆ ಮೊದಲ ವಾರ ಸುಮಾರು 95 ಡಿಗ್ರಿ ಫ್ಯಾರನ್‌ಹೀಟ್ ಶಾಖ ಬೇಕು. ಆಮೇಲೆ ವಾರಕ್ಕೆ ಐದೈದು ಡಿಗ್ರಿ ಇಳಿಸುತ್ತಾ ಬರಬೇಕು. ಬಲ್ಬ್‌ನಲ್ಲಿ ಇದನ್ನು ಮಾಡಬೇಕಾದರೆ ಹಗಲು ರಾತ್ರಿ ಕಾವಲಿರಬೇಕು. ತಾಯಿ ಕೋಳಿ ರೆಕ್ಕೆ ಅಗಲಿಸಿ ಕೂತರೆ ಸಾಕು, ಆ ಕೆಲಸ ಆಯಿತು. ಯಾವುದನ್ನು ಕುಕ್ಕಬೇಕು, ಹದ್ದು ಬಂದರೆ ಎಲ್ಲಿ ಅಡಗಬೇಕು ಅನ್ನೋದನ್ನೂ ಅದೇ ಕಲಿಸುತ್ತದೆ.

ಪಕ್ಕದ ಬೀದಿಯ ಅಜ್ಜಿಯೊಬ್ಬರ ಮನೆಯಲ್ಲಿ ಕೆಂಚು ಬಣ್ಣದ ನಾಟಿ ಹ್ಯಾಟೆ ಆಗಷ್ಟೇ ಕಾವಿಗೆ ಬಂದಿತ್ತು. ಕಾವಿಗೆ ಬಂದ ಕೋಳಿಯನ್ನು ಗುರುತಿಸೋದು ಸುಲಭ. ಮೊಟ್ಟೆ ಇಡೋದು ನಿಲ್ಲಿಸುತ್ತದೆ, ಗೂಡು ಬಿಟ್ಟು ಏಳೋದಿಲ್ಲ, ಕೈ ಚಾಚಿದರೆ ಪುಕ್ಕ ಕೆದರಿಕೊಂಡು ಕುಕ್ಕುತ್ತದೆ. ಹೊಟ್ಟೆಯ ಕೆಳಗೆ ಪುಕ್ಕ ಉದುರಿದ ಜಾಗ ಮುಟ್ಟಿದರೆ ಬಿಸಿ ಬಿಸಿ. ಇಂಥ ಕೋಳಿಯನ್ನು ಕತ್ತಲಾದ ಮೇಲೇ ತರಬೇಕು. ಹಗಲಲ್ಲಿ ಜಾಗ ಬದಲಿಸಿದರೆ ಗಾಬರಿಯಾಗಿ ಕಾವು ಬಿಟ್ಟರೂ ಬಿಟ್ಟೀತು.

ಅತ್ತೆ ಹಳೇ ಮಂಕರಿಗೆ ಬೂದಿ ಹರಡಿ, ಮೇಲೆ ಒಣಹುಲ್ಲು, ಹೇನು ಹತ್ತದಿರಲಿ ಅಂತ ಬೇವಿನ ಸೊಪ್ಪು ಹಾಕಿದರು. ಗುಡುಗಿಗೆ ಮೊಟ್ಟೆ ಕೆಡದಿರಲಿ ಅಂತ ಒಂದು ಕಬ್ಬಿಣದ ಚೂರು, ಇದ್ದಿಲು ಇಟ್ಟರು. ಅದು ಅವರ ನಂಬಿಕೆ. ನಾನೂ ಇವತ್ತಿಗೂ ಇಡುತ್ತೇನೆ.

ಹುಂಜದ ಜೊತೆ ಓಡಾಡುವ ಕೋಳಿಗಳ ಮೊಟ್ಟೆಯೇ ಬೇಕು. ಅಂಗಡಿಯ ಫಾರಂ ಮೊಟ್ಟೆ ಎಷ್ಟು ದಿನ ಕಾವು ಕೊಟ್ಟರೂ ಮರಿ ಆಗೋದಿಲ್ಲ. ವಾರದೊಳಗಿನ, ಮಧ್ಯಮ ಗಾತ್ರದ ಹನ್ನೆರಡು ಮೊಟ್ಟೆ ಆರಿಸಿದೆವು. ಕೊಳೆಯಿದೆ ಅಂತ ತೊಳೆಯಬೇಡಿ. ಚಿಪ್ಪಿನ ಮೇಲಿನ ತೆಳು ಪೊರೆ ಹೋಗಿ ಒಳಗೆ ಸೋಂಕು ಇಳಿಯುತ್ತದೆ.

ಏಳನೇ ರಾತ್ರಿ ದೀಪ ಆರಿಸಿ, ಒಂದೊಂದೇ ಮೊಟ್ಟೆಯನ್ನು ಮೊಬೈಲ್ ಟಾರ್ಚ್ ಮೇಲೆ ಹಿಡಿದು ನೋಡಿದೆ. ಕೆಂಪು ಬೆಳಕಿನಲ್ಲಿ ಮಧ್ಯೆ ಒಂದು ಕಪ್ಪು ಚುಕ್ಕೆ, ಅದರ ಸುತ್ತ ಜೇಡದ ಕಾಲಿನ ಹಾಗೆ ಹರಡಿದ ರಕ್ತನಾಳ. ಒಂದು ಮೊಟ್ಟೆಯಲ್ಲಿ ಆ ಚುಕ್ಕೆ ಅಲುಗಿತು. ನಾನು ಅತ್ತೆಯನ್ನು ಕೂಗಿ ಕರೆದೆ. ಇಷ್ಟು ವರ್ಷ ಕೋಳಿ ಸಾಕಿದ ಅವರೂ ಅದನ್ನು ನೋಡಿದ್ದು ಅದೇ ಮೊದಲು. ಎರಡು ಮೊಟ್ಟೆ ಏನೂ ಇಲ್ಲದೆ ತಿಳಿಯಾಗಿದ್ದವು, ತೆಗೆದಿಟ್ಟೆವು.

ಹ್ಯಾಟೆ ದಿನಕ್ಕೆ ಒಂದು ಸಲ ಏಳುತ್ತಿತ್ತು. ನೀರು ಕುಡಿದು, ರಾಗಿ ತಿಂದು, ಮಣ್ಣಲ್ಲಿ ಹೊರಳಾಡಿ ಹತ್ತಿಪ್ಪತ್ತು ನಿಮಿಷಕ್ಕೆ ವಾಪಸ್. ಹದಿನೆಂಟನೇ ದಿನದಿಂದ ನಾವು ಮೊಟ್ಟೆ ಮುಟ್ಟಲಿಲ್ಲ. ಇಪ್ಪತ್ತೊಂದನೇ ದಿನ ಬೆಳಗ್ಗೆ ರೆಕ್ಕೆ ಅಡಿಯಿಂದ ಚಿಂವ್ ಚಿಂವ್ ಕೇಳಿಸಿತು. ಸಂಜೆಗೆ ಒಂಬತ್ತು ಮರಿ. ಒಂದು ಚಿಪ್ಪು ಒಡೆಯಲಾರದೆ ಒಳಗೇ ಉಳಿಯಿತು.

ಮರಿಗಳ ನೀರಿನ ತಟ್ಟೆಗೆ ಬೆಣಚುಕಲ್ಲು ತುಂಬಿಸಿ, ಸಂದಿಯಲ್ಲಿ ಮಾತ್ರ ನೀರು ನಿಲ್ಲುವಂತೆ ಮಾಡಿ. ಆಳದ ತಟ್ಟೆಯಲ್ಲಿ ಮರಿ ಬಿದ್ದು ಸಾಯುತ್ತವೆ. ತಿನ್ನಲು ಅಕ್ಕಿ ನುಚ್ಚು, ರಾಗಿ, ಜೊತೆಗೆ ಪುಡಿ ಮಾಡಿದ ಶೇಂಗಾ ಹಿಂಡಿ ಕೊಟ್ಟೆವು. ಬರೀ ನುಚ್ಚು ಕೊಟ್ಟರೆ ಬೆಳವಣಿಗೆ ಸಾಲದು. ಇನ್ನೊಂದು, ಗೆದ್ದಲು. ಮಡಕೆಗೆ ಒಣ ಸಗಣಿ, ರಾಗಿಹುಲ್ಲು ತುಂಬಿ, ನೀರು ಚಿಮುಕಿಸಿ, ಗೆದ್ದಲಿರುವ ಕಡೆ ಸಂಜೆ ಬೋರಲು ಹಾಕಿದರೆ ಬೆಳಗ್ಗೆ ತುಂಬಿರುತ್ತದೆ. ಕೊಡವಿದ ತಕ್ಷಣ ಮರಿಗಳು ಮುಗಿಬೀಳುವುದನ್ನು ನೋಡಬೇಕು.

ಗೂಡಿನ ವಿಷಯದಲ್ಲಿ ಮಾತ್ರ ಕಾಸು ಉಳಿಸಲು ಹೋಗಬೇಡಿ. ನಾವು ಮೊದಲು ತೆಳು ಕೋಳಿಬಲೆ ಸುತ್ತಿದ್ದೆವು. ಎರಡು ತಿಂಗಳ ನಾಲ್ಕು ಮರಿಗಳನ್ನು ಒಂದೇ ರಾತ್ರಿ ಕಾಡುಬೆಕ್ಕು ಬಲೆ ಹರಿದು ಕೊಂದುಹಾಕಿತು. ಈಗಿನ ಗೂಡು ನಾಲ್ಕಡಿ ಅಗಲ, ಐದಡಿ ಉದ್ದ, ನೆಲದಿಂದ ಎರಡೂವರೆ ಅಡಿ ಎತ್ತರ. ಸುತ್ತ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್, ಒಳಗೆ ಕೂರಲು ಅಡಿಕೆ ದಬ್ಬೆ, ಬಾಗಿಲಿಗೆ ಗಟ್ಟಿ ಚಿಲಕ. ಇದರಲ್ಲಿ ಹತ್ತು ಕೋಳಿ ಆರಾಮಾಗಿರುತ್ತವೆ. ತಳಕ್ಕೆ ತೆಂಗಿನ ನಾರಿನ ಪುಡಿ ಹಾಸಿ, ಒದ್ದೆಯಾದರೆ ಬದಲಿಸುತ್ತೇವೆ. ಒದ್ದೆ ಜಾಗದಲ್ಲೇ ಮರಿಗಳಿಗೆ ರಕ್ತಭೇದಿ ಜಾಸ್ತಿ. ತೆಗೆದ ಗೊಬ್ಬರ ಹಸಿಯಾಗಿ ಗಿಡಕ್ಕೆ ಹಾಕೋದಿಲ್ಲ, ಬಿಸಿ ಜಾಸ್ತಿ. ಕೊಳೆಸಿ ತೆಂಗಿನ ಬುಡಕ್ಕೆ ಹಾಕುತ್ತೇವೆ.

ಇನ್ನು ಕೊಕ್ಕರೆ ರೋಗ. ಹಸಿರು ಭೇದಿ, ಜೋಲುಬಿದ್ದ ರೆಕ್ಕೆ, ಏದುಸಿರು, ಆಮೇಲೆ ಕತ್ತು ತಿರುಚಿಕೊಳ್ಳೋದು. ಇದು ವೈರಸ್ ಕಾಯಿಲೆ, ಬಂದ ಮೇಲೆ ಔಷಧಿ ಇಲ್ಲ. ನಾಟಿ ಕೋಳಿಗೆ ಏನೂ ಆಗಲ್ಲ ಅನ್ನೋ ಮಾತನ್ನು ದಯವಿಟ್ಟು ನಂಬಬೇಡಿ. ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ ಲಸೋಟಾ ಲಸಿಕೆ, ನಾಲ್ಕು ವಾರದ ಹೊತ್ತಿಗೆ ಇನ್ನೊಮ್ಮೆ, ಎಂಟನೇ ವಾರಕ್ಕೆ ಆರ್‌2ಬಿ ಚುಚ್ಚುಮದ್ದು. ತೊಡಕು ಏನಂದರೆ ಒಂದು ಸೀಸೆಯಲ್ಲಿ ನೂರು, ಇನ್ನೂರು ಕೋಳಿಗೆ ಆಗುವಷ್ಟು ಲಸಿಕೆ ಇರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಹತ್ತು ಕೋಳಿ ಇಟ್ಟುಕೊಂಡವರು ಏನು ಮಾಡಬೇಕು? ನಮ್ಮ ಬೀದಿಯ ಆರು ಮನೆಯವರು ದಿನ ಗೊತ್ತು ಮಾಡಿಕೊಂಡೆವು. ಹಿಂದಿನ ಸಂಜೆಯೇ ಎಲ್ಲರೂ ಕೋಳಿ ಮುಚ್ಚಿಡಬೇಕು. ಬೆಳಗ್ಗೆ ಒಬ್ಬರು ಪಶು ಆಸ್ಪತ್ರೆಯಿಂದ ಐಸ್ ತುಂಬಿದ ಫ್ಲಾಸ್ಕ್‌ನಲ್ಲಿ ಲಸಿಕೆ ತರುತ್ತಾರೆ. ಪಕ್ಕದ ಮನೆಯ ಕೋಳಿಗೆ ಲಸಿಕೆ ಆಗದಿದ್ದರೆ ನಮ್ಮ ಮರಿಗಳಿಗೂ ಅಪಾಯ ತಪ್ಪಿದ್ದಲ್ಲ, ಅಲ್ವಾ?

ಎರಡನೇ ವರ್ಷ ಗಿರಿರಾಜ ಸಾಕುವ ಆಸೆ ಆಯಿತು. ಬೆಂಗಳೂರಿನ ಹೆಬ್ಬಾಳದಲ್ಲೇ ಅಭಿವೃದ್ಧಿಪಡಿಸಿದ ತಳಿ ಇದು. ನಾಟಿ ಕೋಳಿ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಕೊಟ್ಟರೆ ಇದು ಅದರ ಎರಡರಷ್ಟಕ್ಕಿಂತ ಜಾಸ್ತಿ ಕೊಡುತ್ತದೆ. ಆದರೆ ಕಾವಿಗೆ ಕೂರೋದು ಕಡಿಮೆ. ಹಾಗಾಗಿ ನಾಟಿ ಹ್ಯಾಟೆ ಮನೆಯಲ್ಲಿ ಇರಲೇಬೇಕು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಮೊದಲೇ ಬುಕ್ ಮಾಡಿ, ನಮ್ಮ ಕೆಂಚು ಹ್ಯಾಟೆ ಕೆಂಚಿಯ ಮೊಟ್ಟೆ ಒಡೆಯುವ ದಿನಕ್ಕೇ ಸರಿಹೊಂದುವಂತೆ ಒಂದು ದಿನದ ಆರು ಮರಿ ತಂದೆವು.

ರಾತ್ರಿ ಹತ್ತಕ್ಕೆ ದೀಪ ಹಚ್ಚದೆ ಮಂಕರಿ ಹತ್ತಿರ ಕೂತೆ. ಕೆಂಚಿಯ ಅಡಿ ಅದರದೇ ಎಂಟು ಮರಿ ಇದ್ದವು. ಅಂಗೈಯಲ್ಲಿ ಒಂದು ಮರಿ ಮುಚ್ಚಿಕೊಂಡು, ಕೈಯ ಹಿಂಭಾಗ ಕೆಂಚಿಯ ಎದೆಗೆ ತಾಗುವ ಹಾಗೆ ಮೆಲ್ಲಗೆ ರೆಕ್ಕೆ ಅಡಿ ತಳ್ಳಿ ಬಿಟ್ಟೆ. ಕೊಕ್ ಅಂತ ಒಂದು ಸಲ ಗದರಿತು, ಸುಮ್ಮನಾಯಿತು. ಹೀಗೇ ಆರೂ ಸೇರಿದವು. ಆ ರಾತ್ರಿ ಎರಡು ಸಲ ಎದ್ದು ಕಿವಿಗೊಟ್ಟು ಕೇಳಿದೆ, ಯಾವ ಮರಿಯೂ ಚಳಿಗೆ ಕೂಗುತ್ತಿರಲಿಲ್ಲ.

ಬೆಳಗ್ಗೆ ಮಂಕರಿ ಎತ್ತಿದಾಗ ಕೆಂಚಿ ಇಳಿದು ಬಂದು ನುಚ್ಚು ಕೆದಕಿತು, ಕೊಕ್ ಕೊಕ್ ಅಂತ ಕರೆಯಿತು. ಹದಿನಾಲ್ಕೂ ಓಡಿ ಬಂದವು. ಅತ್ತೆ ಜಗಲಿಯ ಮೇಲೆ ಕೂತು ಬೆರಳು ಮಡಚಿ ಎಣಿಸುತ್ತಿದ್ದರು.