ಅಡಿಕೆ ಮರ ಕೇಳಿದರೆ ತೆಂಗಿನ ಮರ: ಎಐ ಚಿತ್ರಗಳ ಜೊತೆ ನಮ್ಮ ಕ್ಲಾಸಿನ ಗುಂಪಾಟ

ಹೊಸದಾಗಿ ಡಿಗ್ರಿಗೆ ಸೇರಿದ ಮಕ್ಕಳಿಗೆ "ಪರಿಚಯ ಮಾಡಿಕೊಳ್ಳಿ" ಅಂದರೆ ಹೆಸರು, ಊರು, ಪಿಯುಸಿ ಎಲ್ಲಿ ಓದಿದ್ದು, ಅಲ್ಲಿಗೆ ಮುಗೀತು. ಸಾಗರ ಪೇಟೆಯವರು ಒಂದು ಕಡೆ, ದೂರದಿಂದ ಬಸ್ಸಲ್ಲಿ ಬರುವವರು ಇನ್ನೊಂದು ಕಡೆ, ಹಾಸ್ಟೆಲ್‌ನವರು ಹಿಂದಿನ ಬೆಂಚಲ್ಲಿ. ಎಷ್ಟು ದಿನ ಕಳೆದರೂ ಹಾಗೇ. ಬಲೂನ್ ಆಟ, ಪೇಪರ್ ಕಪ್ ಗೋಪುರ ಎಲ್ಲ ಆಡಿಸಿ ನೋಡಿದ್ದೇನೆ. ನಗು ಬರುತ್ತೆ, ಮಾತು ಬೆಳೆಯಲ್ಲ. ಈಗ ನಾನು ಆಡಿಸೋದು ಎಐ ಕೈಲಿ ಚಿತ್ರ ಬರೆಸುವ ಆಟ. ಅದರಲ್ಲಿ ಮಾತು ಬೆಳೆಯುತ್ತೆ, ಕೆಲವು ಸಲ ಜಗಳವೂ ಬೆಳೆಯುತ್ತೆ.

ಆಟ ಇಷ್ಟೇ. ಐದೈದು ಜನರ ಗುಂಪು. ಒಂದೇ ಊರಿನವರು, ಒಂದೇ ಬಸ್ಸಿನವರು ಒಟ್ಟಿಗೆ ಬರದ ಹಾಗೆ ನಾನೇ ಚೀಟಿ ಎತ್ತಿ ಮಾಡುತ್ತೇನೆ. ಗುಂಪಿಗೊಂದೇ ಫೋನ್. ಪ್ರತಿ ಗುಂಪೂ ತಮ್ಮ ಮನೆ ಸುತ್ತಮುತ್ತ ಕಾಣುವ ಒಂದು ವಸ್ತು ಅಥವಾ ಜಾಗ ಆರಿಸಿಕೊಳ್ಳಬೇಕು, ಅದರ ಹೆಸರು ಬಳಸದೆ ಎಐಗೆ ವಿವರಿಸಬೇಕು, ಬಂದ ಚಿತ್ರ "ಹೌದು, ಇದೇ" ಅನ್ನುವ ಹಾಗಿರಬೇಕು. ಮೂರೇ ಅವಕಾಶ. ಮೊದಲು ಪೇಪರಿನ ಮೇಲೆ ಕನ್ನಡದಲ್ಲಿ ಬರೆದು ಎಲ್ಲರೂ ಒಪ್ಪಿದ ಮೇಲೆ ಟೈಪ್ ಮಾಡಬೇಕು. ಫೋನ್ ಹಿಡಿದವರು ತಮ್ಮ ಕಡೆಯಿಂದ ಒಂದು ಪದವನ್ನೂ ಸೇರಿಸುವ ಹಾಗಿಲ್ಲ.

ಆ ಕೊನೆಯ ನಿಯಮ ಸುಮ್ನೆ ಅಲ್ಲ. ಫೋನ್ ಯಾರ ಕೈಲಿದೆಯೋ ಅವರೇ ಯಜಮಾನರಾಗಿಬಿಡುತ್ತಾರೆ, ಉಳಿದ ನಾಲ್ವರು ಬಗ್ಗಿ ನೋಡುತ್ತಾ ಕೂರುತ್ತಾರೆ. ಅದಕ್ಕೇ ಪ್ರತಿ ಸಲಕ್ಕೂ ಫೋನ್ ಹಿಡಿಯುವವರು ಬೇರೆ, ಬರೆಯುವವರು ಬೇರೆ. ಮೂರೇ ಅವಕಾಶ ಅನ್ನೋದೂ ಹಾಗೇ. ಎಷ್ಟು ಸಲ ಬೇಕಾದರೂ ಒತ್ತಬಹುದು ಅಂದರೆ ಯಾರೂ ಯೋಚನೆ ಮಾಡಲ್ಲ, ಒತ್ತುತ್ತಾ ಹೋಗುತ್ತಾರೆ. ಹೇಗೂ ಫ್ರೀ ಅಕೌಂಟಿನಲ್ಲಿ ದಿನಕ್ಕೆ ಇಂತಿಷ್ಟೇ ಚಿತ್ರ ಅಂತ ಮಿತಿ ಇದ್ದೇ ಇರುತ್ತೆ.

ಒಂದು ಗುಂಪು ಅಡಿಕೆ ತೋಟ ಆರಿಸಿಕೊಂಡಿತ್ತು. ಇದೇನು ಮಹಾ ಅಂದುಕೊಂಡು "ಮಳೆಗಾಲದ ತೋಟ, ಉದ್ದನೆಯ ಮರಗಳು, ತುದಿಯಲ್ಲಿ ಗರಿ, ಗೊನೆ ಗೊನೆ ಕಾಯಿ" ಅಂತ ಬರೆದರು. ಬಂದದ್ದು ತೆಂಗಿನ ತೋಟ, ಹಿಂದೆ ಸಮುದ್ರ ಬೇರೆ! ಪೇಟೆ ಹುಡುಗರಿಬ್ಬರು "ಚೆನ್ನಾಗೇ ಇದೆಯಲ್ಲ" ಅಂದರು. ಅಲ್ಲಿವರೆಗೆ ಬಾಯೇ ಬಿಡದಿದ್ದ ಹೊಸನಗರ ಕಡೆಯ ಹುಡುಗಿಗೆ ತಡೆಯಲಾಗಲಿಲ್ಲ. "ಇದು ಅಡಿಕೆ ಅಲ್ಲ ಮಾರಾಯ. ತೆಂಗಿನಕಾಯಿ ಗರಿ ಸಂದಿಯಲ್ಲಿ ಇರುತ್ತೆ. ಅಡಿಕೆಗೆ ಹಾಳೆ ಬಿದ್ದ ಮೇಲೆ ಹಿಂಗಾರ ಒಡೆಯೋದು, ಗೊನೆ ಗರಿಗಿಂತ ಕೆಳಗೆ ಇರುತ್ತೆ" ಅಂದಳು. ಮರ ಎಷ್ಟು ತೆಳ್ಳಗೆ, ಕಾಂಡದ ಮೇಲೆ ಉಂಗುರ ಹೇಗೆ, ಗರಿಯ ಬುಡದಲ್ಲಿ ನಯವಾದ ಹಸಿರು ಭಾಗ ಎಷ್ಟುದ್ದ, ಎಲ್ಲ ಅವಳೇ ಹೇಳಿದಳು, ಉಳಿದವರು ಬರೆದುಕೊಂಡರು. ಎರಡನೇ ಚಿತ್ರದಲ್ಲಿ ಸಮುದ್ರ ಹೋಯಿತು, ಮೂರನೆಯದರಲ್ಲಿ ಗೊನೆ ಕೆಳಗಿಳಿಯಿತು. ಪೂರ್ತಿ ಸರಿ ಬರಲಿಲ್ಲ ಅನ್ನಿ. ಆದರೆ ಅವತ್ತಿನಿಂದ ಆ ಗುಂಪಿನಲ್ಲಿ ಅವಳ ಮಾತಿಗೆ ಎದುರಾಡುವವರಿಲ್ಲ.

ಈ ಆಟ ನನಗೆ ಇಷ್ಟವಾಗೋದು ಇದೇ ಕಾರಣಕ್ಕೆ. ಕ್ಲಾಸಿನಲ್ಲಿ ಜಾಸ್ತಿ ಮಾರ್ಕ್ಸ್ ತೆಗೆಯುವವರು, ಇಂಗ್ಲಿಷ್ ಚೆನ್ನಾಗಿ ಬರುವವರು ಇಲ್ಲಿ ತಾವಾಗೇ ಹಿಂದೆ ಸರಿಯಬೇಕಾಗುತ್ತೆ. ವಸ್ತುವನ್ನು ಕಣ್ಣಾರೆ ಕಂಡವರು, ಕೈಯಾರೆ ಮುಟ್ಟಿದವರು ಮುಂದೆ ಬರುತ್ತಾರೆ. ನಾಟಿಗೆ ಇಳಿಯುವಾಗ ಬೆನ್ನಿಗೆ ಹಾಕಿಕೊಳ್ಳುವ ಗೊರಬು ಒಂದು ಗುಂಪಿನ ವಿಷಯವಾಗಿತ್ತು. ಎಐ ಮೊದಲು ಕೊಟ್ಟದ್ದು ಛತ್ರಿ, ಆಮೇಲೆ ಚೀನಾ ಕಡೆಯ ಚೂಪು ಟೋಪಿ. ಬಗ್ಗಿ ನಿಂತಾಗ ತಲೆಯಿಂದ ಸೊಂಟದವರೆಗೆ ಮುಚ್ಚುತ್ತೆ, ಎರಡೂ ಕೈ ಖಾಲಿ ಇರುತ್ತೆ ಅಂತ ವಿವರಿಸಲು ಒಬ್ಬ ಹುಡುಗ ಕ್ಲಾಸ್ ರೂಮಿನಲ್ಲೇ ಬೆನ್ನಿಗೆ ಬ್ಯಾಗ್ ಕವುಚಿಕೊಂಡು ಸಸಿ ನೆಡುವ ಹಾಗೆ ಬಗ್ಗಿ ತೋರಿಸಿದ.

ಯಾಕೆ ಹೀಗೆ ತಪ್ಪು ಚಿತ್ರ ಬರುತ್ತೆ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಆಗ ಹತ್ತು ನಿಮಿಷ ಪಾಠ. ಚಿತ್ರ ಬರೆಯುವ ಎಐ ಮಾಡೆಲ್‌ಗಳಲ್ಲಿ ಬಹಳಷ್ಟು ಶುರು ಮಾಡೋದು ಸಿಗ್ನಲ್ ಹೋದ ಹಳೇ ಟಿವಿಯಲ್ಲಿ ಕಾಣುವಂಥ ಬರೀ ಚುಕ್ಕಿಗಳಿಂದ. ನಾವು ಬರೆದ ವಿವರಣೆಗೆ ಹೊಂದುವ ಹಾಗೆ ಆ ಗಜಿಬಿಜಿಯನ್ನು ಹಂತ ಹಂತವಾಗಿ ತಿಳಿ ಮಾಡುತ್ತಾ ಹೋಗುತ್ತವೆ. ಏನಕ್ಕೆ ಏನು ಹೊಂದುತ್ತೆ ಅಂತ ಅವು ಕಲಿತಿರೋದು ಇಂಟರ್ನೆಟ್ಟಿನ ಚಿತ್ರ ಮತ್ತು ಅವುಗಳ ಜೊತೆಗಿದ್ದ ಬರಹದಿಂದ. 2022ರಲ್ಲಿ ಬಂದ ಸ್ಟೇಬಲ್ ಡಿಫ್ಯೂಷನ್ ಅನ್ನೋ ಮಾಡೆಲ್ ಕಲಿತದ್ದು ಲಯಾನ್-5ಬಿ ಅನ್ನೋ ಸಂಗ್ರಹದಿಂದ ಆರಿಸಿದ ಚಿತ್ರಗಳಿಂದ, ಆ ಇಡೀ ಸಂಗ್ರಹದಲ್ಲಿರೋದು ಚಿತ್ರ-ಬರಹದ 585 ಕೋಟಿ ಜೋಡಿ. ಅಷ್ಟರಲ್ಲಿ ಕಡಲ ತೀರದ ತೆಂಗಿನ ಮರ ಎಷ್ಟು, ನಮ್ಮ ಗೊರಬು ಎಷ್ಟು ಇರಬಹುದು, ನೀವೇ ಹೇಳಿ ಅಂದರೆ ಮಕ್ಕಳಿಗೆ ತಕ್ಷಣ ಹೊಳೆಯುತ್ತೆ.

ಅದಕ್ಕೇ ವಿಷಯ ಕೊಡುವಾಗ ಸೂಪರ್ ಹೀರೋ, ಅಂತರಿಕ್ಷ, "ನಿಮ್ಮ ತಂಡದ ಲೋಗೋ" ಇಂಥವು ಬೇಡವೇ ಬೇಡ. ಮೊದಲ ಸಲಕ್ಕೇ ಫಳಫಳ ಚಿತ್ರ ಬಂದುಬಿಡುತ್ತೆ, ಎಲ್ಲರೂ "ಸೂಪರ್" ಅಂತಾರೆ, ಅಲ್ಲಿಗೆ ಮಾತು ಖತಂ. ಯಂತ್ರ ಎಡವುವ ವಿಷಯ ಕೊಟ್ಟರೆ ಮಾತ್ರ ಐದು ತಲೆ ಒಟ್ಟಿಗೆ ಕೆಲಸ ಮಾಡುತ್ತವೆ.

ಎರಡನೇ ಸುತ್ತಿನಲ್ಲಿ ಒಂದು ಗುಂಪಿನ ಚಿತ್ರವನ್ನು ಇನ್ನೊಂದು ಗುಂಪಿಗೆ ಕೊಡುತ್ತೇನೆ. ಅವರು ನೋಡಿದ್ದನ್ನು ಮಾತಿನಲ್ಲಿ ಬರೆಯಬೇಕು, ಆ ಬರಹ ಮಾತ್ರ ಮೂರನೇ ಗುಂಪಿಗೆ ಹೋಗುತ್ತೆ, ಅವರು ಅದರಿಂದ ಮತ್ತೆ ಚಿತ್ರ ಮಾಡಿಸಬೇಕು. ತುಮರಿ ಕಡೆಯ ಹುಡುಗರಿದ್ದ ಗುಂಪು ಸಿಗಂದೂರಿನ ಲಾಂಚ್ ಮಾಡಿಸಿತ್ತು. 2025ರ ಜುಲೈನಲ್ಲಿ ಸೇತುವೆ ಉದ್ಘಾಟನೆ ಆಗುವವರೆಗೂ ಅವರು ಶರಾವತಿ ಹಿನ್ನೀರು ದಾಟಿ ಓಡಾಡಿದ್ದು ಅದರಲ್ಲೇ. ಬಸ್ಸು, ಕಾರು, ಬೈಕು, ಜನ ಎಲ್ಲ ಒಟ್ಟಿಗೆ ನಿಂತ ಚಪ್ಪಟೆ ಡೆಕ್ಕು, ನೀರು ಇಳಿದಾಗ ಮೇಲೆ ಕಾಣುವ ಒಣ ಮರದ ಬೊಡ್ಡೆಗಳು, ಎಲ್ಲ ಅಚ್ಚುಕಟ್ಟಾಗಿ ಬರೆದು ಪರವಾಗಿಲ್ಲ ಅನ್ನುವ ಚಿತ್ರ ತೆಗೆದಿದ್ದರು. ಮುಂದಿನವರು "ಹಡಗಿನ ಮೇಲೆ ವಾಹನಗಳು" ಅಂತ ಒಂದೇ ಸಾಲು ಬರೆದರು. ಮೂರನೆಯವರ ಫೋನಿನಲ್ಲಿ ಬಂದದ್ದು ಏಳು ಮಹಡಿಯ ಐಷಾರಾಮಿ ಹಡಗು. ತುಮರಿ ಹುಡುಗರು "ಇಷ್ಟು ದೊಡ್ಡದು ಇದ್ದಿದ್ದರೆ ನಾವು ಸೇತುವೆ ಯಾಕೆ ಕೇಳ್ತಿದ್ವಿ" ಅಂದಾಗ ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಅರ್ಧಂಬರ್ಧ ಬರೆದರೆ ಮುಂದಿನವರಿಗೆ ಎಷ್ಟು ತೊಂದರೆ ಅಂತ ನಾನು ಭಾಷಣ ಮಾಡಬೇಕಾಗಲಿಲ್ಲ.

ನಮ್ಮ ಮಲೆನಾಡಿನ ಗೋಡೆ ಚಿತ್ರ ಹಸೆ ಚಿತ್ತಾರವನ್ನು ಆರಿಸಿಕೊಂಡ ಗುಂಪಿನದ್ದು ಬೇರೆಯೇ ಕಥೆ. ಅದರಲ್ಲಿದ್ದ ಒಬ್ಬಳ ಅಜ್ಜಿ ಈಗಲೂ ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣಿನ ಗೋಡೆ, ಅಕ್ಕಿ ಹಿಟ್ಟಿನ ಬಿಳಿ ಗೆರೆ, ಪುಂಡಿ ನಾರಿನ ಬ್ರಶ್ಶು ಅಂತ ಎಷ್ಟು ವಿವರಿಸಿದರೂ ಬಂದದ್ದು ಮಹಾರಾಷ್ಟ್ರದ ವಾರ್ಲಿ ಚಿತ್ರ. ಕೈಕೈ ಹಿಡಿದು ಕುಣಿಯುವ ಕಡ್ಡಿ ಮನುಷ್ಯರು. ಎರಡನೇ ಸಲವೂ ಅದೇ. ಮೂರನೇ ಅವಕಾಶವನ್ನು ಆ ಗುಂಪು ಬಳಸಲೇ ಇಲ್ಲ. ಚಾರ್ಟ್ ಪೇಪರ್ ಕೇಳಿದರು. ಅವಳು ಸ್ಕೇಲ್ ಇಲ್ಲದೆ ಎಳೆ ಎಳೆದಳು, ಉಳಿದವರು ಅವಳು ಹೇಳಿದ ಹಾಗೆ ಒಳಗೆ ತುಂಬಿದರು. ನಿಯಮ ಮುರಿದಿದ್ದಾರೆ, ಅವರಿಗೆ ಪಾಯಿಂಟ್ ಕೊಡಬೇಡಿ ಅಂತ ಬೇರೆ ಗುಂಪುಗಳ ತಕರಾರು. ನಾನು ಪೂರ್ತಿ ಪಾಯಿಂಟ್ ಕೊಟ್ಟೆ. ಉಪಕರಣ ಯಾವಾಗ ಕೆಳಗಿಡಬೇಕು ಅಂತ ಐದು ಜನ ಸೇರಿ ತೀರ್ಮಾನ ಮಾಡೋದೂ ತಂಡದ ಕೆಲಸವೇ ಅಲ್ವಾ?

ಮಾಡಿಸುವವರಿಗೆ ಒಂದೆರಡು ಮಾತು. ಜೆಮಿನಿ, ಚಾಟ್‌ಜಿಪಿಟಿ, ಬಿಂಗ್ ಯಾವುದಾದರೂ ನಡೆಯುತ್ತೆ, ಆದರೆ ವಯಸ್ಸಿನ ನಿಯಮ ಮೊದಲೇ ನೋಡಿಕೊಳ್ಳಿ. ಹೈಸ್ಕೂಲ್ ಮಕ್ಕಳಾದರೆ ಟೀಚರ್ ಅಕೌಂಟಿನಿಂದ ಪ್ರೊಜೆಕ್ಟರ್‌ನಲ್ಲಿ ಮಾಡಿಸೋದೇ ಕ್ಷೇಮ. ಕ್ಲಾಸಿನವರ ಫೋಟೋ ಅಪ್‌ಲೋಡ್ ಮಾಡುವ ಹಾಗಿಲ್ಲ, ಅದರಲ್ಲೂ ಹುಡುಗಿಯರದ್ದು, ತಮಾಷೆಗೂ ಇಲ್ಲ. ಇದನ್ನು ಶುರುವಿನಲ್ಲೇ ಗಟ್ಟಿಯಾಗಿ ಹೇಳಿ. ಜೋರು ಮಳೆ ದಿನ ಈ ಆಟ ಇಟ್ಟುಕೊಳ್ಳಬೇಡಿ, ಕರೆಂಟ್ ಹೋದರೆ ಅದರ ಹಿಂದೆಯೇ ನೆಟ್‌ವರ್ಕ್ ಹೋಗುತ್ತೆ.

ಚಿತ್ರಗಳನ್ನು ಪ್ರಿಂಟ್ ತೆಗೆದು ಡಿಪಾರ್ಟ್‌ಮೆಂಟಿನ ಗೋಡೆಗೆ ಅಂಟಿಸುತ್ತೇವೆ, ತಪ್ಪಿದ್ದ ಕಡೆ ಮಕ್ಕಳೇ ಕೆಂಪು ಪೆನ್ನಿನಲ್ಲಿ ತಿದ್ದಿರುತ್ತಾರೆ. ಪ್ರತಿಯೊಂದರ ಮೂಲೆಯಲ್ಲೂ "ಇದು ಎಐ ಮಾಡಿದ ಚಿತ್ರ" ಅಂತ ದಪ್ಪಕ್ಷರದಲ್ಲಿ ಬರೆಸುತ್ತೇನೆ. ಆ ಲಾಂಚಿನ ಚಿತ್ರ ಯಾರದೋ ಫೋನಿನಿಂದ ಹೊರಗೆ ಹೋಗಿ, "ಹಿನ್ನೀರಿನ ಅಪರೂಪದ ಹಳೇ ಫೋಟೋ" ಅಂತ ವಾಟ್ಸಾಪಿನಲ್ಲಿ ಸುತ್ತಾಡಿ, ಕೊನೆಗೆ ನನಗೇ ಫಾರ್ವರ್ಡ್ ಆಗಿ ಬಂದಿತ್ತು.