ಷೇರು ವಿಶ್ಲೇಷಣೆಯ ಟೂಲ್: ಎಐ ಏಜೆಂಟ್‌ಗೆ ಅರ್ಥವಾಗುವಂತೆ ಬರೆದಿಡುವುದು ಹೇಗೆ?

ನೀವೊಂದು ಟೂಲ್ ಮಾಡಿದ್ದೀರಿ. ಷೇರಿನ ಹೆಸರು ಕೊಟ್ಟರೆ ಹಳೆಯ ಬೆಲೆಗಳನ್ನು ತಂದು ಸರಾಸರಿ, ಆರ್‌ಎಸ್‌ಐ (ಬೆಲೆಯ ಏರಿಳಿತದ ಬಲ ತೋರಿಸುವ ಅಂಕಿ), ಪಿ/ಇ (ಷೇರಿನ ಬೆಲೆ ಪ್ರತಿ ಷೇರಿನ ಲಾಭದ ಎಷ್ಟು ಪಟ್ಟು ಎಂಬುದು) ಎಲ್ಲ ಲೆಕ್ಕ ಹಾಕಿ ಕೊಡುತ್ತದೆ. ಈಗ ಅದನ್ನು ಎಐ ಏಜೆಂಟ್, ಅಂದರೆ ಹೇಳಿದ ಕೆಲಸಕ್ಕೆ ಬೇಕಾದ ಟೂಲ್‌ಗಳನ್ನು ತಾನೇ ಕರೆದು ಬಳಸುವ ಎಐ ಪ್ರೋಗ್ರಾಂ, ಬಳಸಬೇಕು. ನಮಗೆಂದು ಬರೆದಿಟ್ಟ ಕೈಪಿಡಿಯನ್ನೇ ಅದಕ್ಕೂ ಕೊಟ್ಟರೆ ಆಯ್ತಲ್ವಾ ಅನ್ನಿಸಬಹುದು. ಆಗುವುದಿಲ್ಲ. ಅನುಮಾನ ಬಂದರೆ ನಾವು ನಿಲ್ಲುತ್ತೇವೆ, ಪಕ್ಕದವರನ್ನು ಕೇಳುತ್ತೇವೆ. ಏಜೆಂಟ್ ಎಷ್ಟೋ ಸಲ ಕೇಳುವುದೇ ಇಲ್ಲ. ಬಿಟ್ಟುಹೋದದ್ದನ್ನು ತಾನೇ ಊಹಿಸಿಕೊಂಡು ಮುಂದೆ ಹೋಗುತ್ತದೆ. ಆ ಊಹೆಯನ್ನು ನಂಬಿ ಯಾರೋ ದುಡ್ಡು ಹಾಕುತ್ತಾರೆ.

ಮೊದಲು, ಟೂಲ್ ಏನು ಮಾಡುತ್ತದೆ ಎಂದು ಎರಡು ಸಾಲು ಬರೆಯಿರಿ. ಎಐ ಕಂಪನಿ ಆಂತ್ರೋಪಿಕ್ 2024ರ ನವೆಂಬರ್‌ನಲ್ಲಿ ಹೊರತಂದ, ಎಐಗೂ ಟೂಲ್‌ಗಳಿಗೂ ಸಂಪರ್ಕ ಕಲ್ಪಿಸುವ ಎಂಸಿಪಿ ಪದ್ಧತಿಯಲ್ಲಿ ಏಜೆಂಟ್‌ಗೆ ಸಿಗುವುದು ಟೂಲ್‌ನ ಹೆಸರು, ವಿವರಣೆ ಮತ್ತು ಏನೇನು ಕೊಡಬೇಕೆಂಬ ಪಟ್ಟಿ. ಒಳಗಿನ ಕೋಡ್ ಅದಕ್ಕೆ ಕಾಣುವುದಿಲ್ಲ. ಹಾಗಾಗಿ ‘ಷೇರು ವಿಶ್ಲೇಷಣೆ ಮಾಡುತ್ತದೆ’ ಎಂದು ಸುಮ್ನೆ ಬರೆದರೆ ಉಪಯೋಗವಿಲ್ಲ. ಯಾವಾಗ ಬಳಸಬೇಕು, ಯಾವಾಗ ಬಳಸಬಾರದು ಎರಡನ್ನೂ ಹೇಳಿ. ಉದಾಹರಣೆಗೆ, ‘ದಿನದ ಕೊನೆಯ ಬೆಲೆ ಮಾತ್ರ ಸಿಗುತ್ತದೆ, ಈ ಕ್ಷಣದ ಬೆಲೆಗೆ ಇದನ್ನು ಕರೆಯಬೇಡಿ.’

ನಂತರ ಏನು ಕೊಡಬೇಕು ಎಂಬುದು. ಷೇರಿನ ಚಿಹ್ನೆ ಒಂದೇ ಸಾಲದು, ಯಾವ ಷೇರುಪೇಟೆ ಅನ್ನುವುದೂ ಬೇಕು. ‘ಟಿ’ ಎಂಬ ಒಂದಕ್ಷರದ ಚಿಹ್ನೆ ನ್ಯೂಯಾರ್ಕ್‌ನಲ್ಲಿ ಎಟಿ ಆ್ಯಂಡ್ ಟಿ, ಟೊರಾಂಟೊದಲ್ಲಿ ಟೆಲಸ್. ದಿನಾಂಕ ಯಾವ ರೂಪದಲ್ಲಿರಬೇಕು, ಏನನ್ನಾದರೂ ಕೊಡದೆ ಬಿಟ್ಟರೆ ಟೂಲ್ ಅದನ್ನು ಏನೆಂದು ಅಂದುಕೊಳ್ಳುತ್ತದೆ ಎಂಬುದನ್ನೂ ಬರೆಯಿರಿ.

ಹೊರಬರುವ ಪ್ರತಿ ಅಂಕಿಗೂ ಅಳತೆ ಹೇಳಿ. 0.12 ಅಂದರೆ ಶೇ 12ರಷ್ಟೋ, ಶೇ 0.12ರಷ್ಟೋ? ಲಂಡನ್‌ನಲ್ಲಿ ಬಹಳಷ್ಟು ಷೇರುಗಳ ಬೆಲೆಯನ್ನು ಪೌಂಡ್‌ನಲ್ಲಿ ಅಲ್ಲ, ಪೆನ್ಸ್‌ನಲ್ಲಿ ಹೇಳುತ್ತಾರೆ. ಅದನ್ನು ಬರೆಯದಿದ್ದರೆ ಲೆಕ್ಕ ನೂರು ಪಟ್ಟು ತಪ್ಪುತ್ತದೆ.

ಜಾಸ್ತಿ ಎಚ್ಚರ ಬೇಕಾದದ್ದು ಹಳೆಯ ಬೆಲೆಗಳ ವಿಷಯದಲ್ಲಿ. ಆ್ಯಪಲ್ ಕಂಪನಿ 2020ರ ಆಗಸ್ಟ್‌ನಲ್ಲಿ ಒಂದು ಷೇರನ್ನು ನಾಲ್ಕು ಮಾಡಿತು. ಇದಕ್ಕೆ ಸ್ಪ್ಲಿಟ್ ಎನ್ನುತ್ತಾರೆ. 28ರ ಶುಕ್ರವಾರ 499 ಡಾಲರ್ ಆಸುಪಾಸಿನಲ್ಲಿದ್ದ ಷೇರು 31ರ ಸೋಮವಾರ ದಿನದ ಕೊನೆಗೆ 129 ಡಾಲರ್ ಆಸುಪಾಸಿನಲ್ಲಿತ್ತು. ಸ್ಪ್ಲಿಟ್‌ಗೆ ಹೊಂದಿಸದ ಬೆಲೆ, ಅಂದರೆ ಹಳೆಯ ಬೆಲೆಯನ್ನು ನಾಲ್ಕರಿಂದ ಭಾಗಿಸದೆ ಹಾಗೇ ಕೊಟ್ಟರೆ, ಒಂದೇ ದಿನ ಶೇ 74ರಷ್ಟು ಕುಸಿಯಿತು ಎಂದು ಏಜೆಂಟ್ ವರದಿ ಬರೆದುಬಿಡಬಹುದು. ನಿಜಕ್ಕೂ ಅವತ್ತು ಷೇರು ಶೇ 3ಕ್ಕಿಂತ ಜಾಸ್ತಿ ಏರಿತ್ತು! ಬೆಲೆ ಸ್ಪ್ಲಿಟ್‌ಗೆ ಹೊಂದಿಸಿದ್ದೋ ಅಲ್ಲವೋ, ಡಿವಿಡೆಂಡ್‌ಗೆ ಹೊಂದಿಸಿದ್ದೋ ಅಲ್ಲವೋ, ಬೇರೆಬೇರೆಯಾಗಿ ಬರೆಯಿರಿ.

ಲೆಕ್ಕದ ವಿಧಾನವೂ ಅಷ್ಟೇ ಮುಖ್ಯ. ವೆಲ್ಸ್ ವೈಲ್ಡರ್ 1978ರಲ್ಲಿ ಆರ್‌ಎಸ್‌ಐ ಅನ್ನು ಪರಿಚಯಿಸಿದರು. ಬೆಲೆ ಏರಿದ್ದರ ಸರಾಸರಿಯನ್ನೂ ಇಳಿದದ್ದರ ಸರಾಸರಿಯನ್ನೂ ಹೋಲಿಸಿ 0ಯಿಂದ 100ರೊಳಗಿನ ಒಂದು ಅಂಕಿ ಕೊಡುವ ಲೆಕ್ಕ ಅದು. ವೈಲ್ಡರ್ ವಿಧಾನದಲ್ಲಿ ನಿನ್ನೆಯ ಸರಾಸರಿಯನ್ನು 13ರಿಂದ ಗುಣಿಸಿ, ಇವತ್ತಿನದನ್ನು ಕೂಡಿಸಿ, 14ರಿಂದ ಭಾಗಿಸುತ್ತಾರೆ. ಕೆಲವು ಪ್ರೋಗ್ರಾಂಗಳು 14 ದಿನಗಳ ಸಾದಾ ಸರಾಸರಿ ತೆಗೆದುಕೊಳ್ಳುತ್ತವೆ. ಬೆಲೆಗಳು ಅವೇ ಆದರೂ ಉತ್ತರ ಬೇರೆ. ಬೆಲೆ ಅತಿಯಾಗಿ ಏರಿದೆ ಎಂಬುದಕ್ಕೆ ಸಾಮಾನ್ಯವಾಗಿ ನೋಡುವ 70ರ ಗೆರೆಯನ್ನು ಒಂದರಲ್ಲಿ ದಾಟಿದ ಷೇರು ಇನ್ನೊಂದರಲ್ಲಿ ದಾಟದೇ ಇರಬಹುದು. ಜೊತೆಗೆ ವೈಲ್ಡರ್ ವಿಧಾನಕ್ಕೆ ಹಿಂದಿನ ದಿನಗಳ ಬೆಲೆ ಸಾಕಷ್ಟು ಬೇಕು, ಇಲ್ಲದಿದ್ದರೆ ಅಂಕಿ ನೆಲೆಗೆ ನಿಲ್ಲುವುದಿಲ್ಲ. ನಾನಾದರೆ ಹೀಗೆ ಬರೆಯುತ್ತೇನೆ:

‘ಆರ್‌ಎಸ್‌ಐ, ವೈಲ್ಡರ್ ವಿಧಾನ, 14 ದಿನ. ಸ್ಪ್ಲಿಟ್‌ಗೆ ಹೊಂದಿಸಿದ ಕ್ಲೋಸಿಂಗ್ ಬೆಲೆ. ಕನಿಷ್ಠ 100 ವಹಿವಾಟಿನ ದಿನಗಳ ಡೇಟಾ ಬೇಕು. ಕಡಿಮೆ ಇದ್ದರೆ ಎರರ್ ಬರುತ್ತದೆ. ಇದೊಂದನ್ನೇ ನೋಡಿ ಕೊಳ್ಳಲು ಅಥವಾ ಮಾರಲು ಹೇಳಬೇಡಿ.’

ನಾಲ್ಕೈದು ಸಣ್ಣ ವಾಕ್ಯ, ಅಷ್ಟೇ. ಆದರೆ ಏಜೆಂಟ್ ಊಹಿಸಬೇಕಾದದ್ದು ಹೆಚ್ಚೇನೂ ಉಳಿದಿಲ್ಲ.

ಎರರ್‌ಗಳನ್ನೂ ಇಷ್ಟೇ ಬಿಡಿಸಿ ಹೇಳಿ. ಚಿಹ್ನೆ ತಪ್ಪು, ಅವತ್ತು ಪೇಟೆಗೆ ರಜೆ, ಡೇಟಾ ಬರುವ ಸರ್ವರ್ ನಿಂತಿದೆ: ಮೂರಕ್ಕೂ ಖಾಲಿ ಪಟ್ಟಿ ಕೊಟ್ಟರೆ ಏಜೆಂಟ್‌ಗೆ ವ್ಯತ್ಯಾಸ ತಿಳಿಯುವುದಿಲ್ಲ. ಕಂಪನಿ ನಷ್ಟದಲ್ಲಿದ್ದರೆ ಪಿ/ಇಗೆ ಅರ್ಥವಿಲ್ಲ. ಅಲ್ಲಿ 0 ಹಾಕಿದರೆ ಏಜೆಂಟ್ ಅದನ್ನು ತೀರಾ ಅಗ್ಗದ ಷೇರು ಎಂದುಕೊಳ್ಳಬಹುದು. ‘ಇಲ್ಲ, ಕಾರಣ: ನಷ್ಟ’ ಎಂದೇ ಕೊಡಿ.

ಕೊನೆಯ ಕೆಲಸ ಪರೀಕ್ಷೆ. ಹೊಸ ಸೆಷನ್ ತೆರೆದು, ನೀವು ಬರೆದದ್ದನ್ನು ಮಾತ್ರ ಏಜೆಂಟ್‌ಗೆ ಕೊಟ್ಟು ಹತ್ತು ಪ್ರಶ್ನೆ ಕೇಳಿ. ಅದು ಕೊಟ್ಟ ಉತ್ತರಕ್ಕಿಂತ ಮೊದಲು ಟೂಲ್ ಅನ್ನು ಹೇಗೆ ಕರೆಯಿತು ಎಂದು ನೋಡಿ. ಷೇರುಪೇಟೆಯ ಹೆಸರು ಬಿಟ್ಟಿದೆಯೇ? ದಿನಾಂಕ ತಿರುಗುಮುರುಗಾಗಿದೆಯೇ? ತಪ್ಪಿದಲ್ಲೆಲ್ಲ ವಿವರಣೆಗೆ ಒಂದು ಸಾಲು ಸೇರಿಸಿ, ಮತ್ತೊಂದು ಹೊಸ ಸೆಷನ್‌ನಲ್ಲಿ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿ.